ಹಿಂಗಾರಿಯ ಲಗ್ನಪತ್ರ

ನಮ್ಮ ನರೇಗಲ್ ಕಡೆ ಲಗ್ನದ ಹಂಗಾಮು ಎರಡು ಕಂತಿನಲ್ಲಿ ಬರುತ್ತದೆ. ಕಾರ್ತಿಕದಲ್ಲಿ ತುಳಸಿ ಲಗ್ನ ಮುಗಿದದ್ದೇ ತಡ, ಓಣಿ ಓಣಿಗೆ ಹಂದರಗಳು ಏಳುತ್ತವೆ. ಡಿಸೆಂಬರ್ ನಡುವಿಗೆ ಧನುರ್ಮಾಸ ಹಿಡಿಯಿತೆಂದರೆ ಕ್ಯಾಲೆಂಡರಿನಲ್ಲಿ ಮುಹೂರ್ತದ ಸಾಲು ಖಾಲಿ. ಬಾಜಾದವರು ವಾದ್ಯ ಕಟ್ಟಿಡುತ್ತಾರೆ, ಅಡುಗೆಯವರು ಊರಿಗೆ ಹೋಗಿ ಬರುತ್ತಾರೆ. ಸಂಕ್ರಾಂತಿ ದಾಟಿ ಮಾಘ ಮಾಸ ಬಂದಮೇಲೆ ಮತ್ತೆ ಅಕ್ಕಿಕಾಳು ಬೀಳತೊಡಗುತ್ತವೆ. ಹೀಗೆ ಲಗ್ನಗಳಿಲ್ಲದ ಆ ನಡುವಿನ ತಿಂಗಳು ಇದೆಯಲ್ಲ, ಅದೇ ಮಾಘದ ಲಗ್ನಪತ್ರಗಳು ಹುಟ್ಟುವ ತಿಂಗಳು. ವರ್ಷದಲ್ಲಿ ಥಂಡಿ ಹೆಚ್ಚಿರುವುದೂ ಆಗಲೇ. ಸಂಜೆ ಬೇಗ ಕತ್ತಲಾಗುತ್ತದೆ, ಬಾಗಿಲು ಬೇಗ ಮುಚ್ಚುತ್ತವೆ, ಒಳಗೆ ಕಂಬಳಿ ಹಾಸಿಕೊಂಡು ಕೂತವರ ಕೈಗೆ ಏನಾದರೂ ಕೆಲಸ ಬೇಕಾಗುತ್ತದೆ.

ತಂಗಿಯ ಲಗ್ನ ಮಾಘದಲ್ಲಿ ನಿಶ್ಚಯವಾದಾಗ ಅವಳು ಒಂದೇ ಒಂದು ಹಟ ಹಿಡಿದಳು: ಹತ್ತಿರದ ಬಂಧುಗಳಿಗೆ ಕೊಡುವ ಪತ್ರ ಮನೆಯಲ್ಲೇ, ಕೈಯಿಂದಲೇ ಆಗಬೇಕು, ಅದರಲ್ಲಿ ಚಳಿಗಾಲ ಕಾಣಬೇಕು. ಮಾದರಿಗೆಂದು ಫೋನಿನಲ್ಲಿ ಒಂದಷ್ಟು ಚಿತ್ರ ಆರಿಸಿ ಇಟ್ಟಿದ್ದಳು. ಬಿಳಿ ಹಿಮ, ಎಲೆ ಕಳಚಿ ನಿಂತ ಗಿಡ, ಅದರ ಕೆಳಗೆ ಕೋಡಿನ ಜಿಂಕೆ. ನೋಡಲು ಚೆಂದವೇ ಇದ್ದವು. ಶಿಕಾಗೊದಲ್ಲಿರುವ ಕಾಕಾನ ಮಗನ ಲಗ್ನಪತ್ರದಲ್ಲಿ ಇಂಥದೇ ಚಿತ್ರವಿತ್ತು. ಅಲ್ಲಿ ಆ ತಿಂಗಳು ಕಿಟಕಿ ತೆರೆದರೆ ಅದೇ ಕಾಣುವುದು, ಆದ್ದರಿಂದ ಆ ಪತ್ರ ಸರಿಯಾಗಿಯೇ ಇತ್ತು. ಆದರೆ ನಮ್ಮ ಆಯಿ, ಅಂದರೆ ಅಜ್ಜಿ, ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿ ಕೇಳಿದಳು: "ಈ ಗಿಡದಾಗ ಒಂದ ಎಲಿನೂ ಇಲ್ಲಲ್ಲವಾ. ಲಗ್ನಕ್ಕ ಬರಗಾಲದ ಚಿತ್ರ ಯಾಕ ತಂದಿ?"

ಆ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ಎರೆಭೂಮಿಯಲ್ಲಿ ಬಾಳಿದ ಕಣ್ಣಿಗೆ ಬೋಳು ಗಿಡ ಎಂದರೆ ಮಳೆ ಕೈಕೊಟ್ಟ ವರ್ಷ. ಚಳಿಗಾಲ ಎಂದರೆ ಅದಕ್ಕೆ ಪೂರ್ತಿ ವಿರುದ್ಧ. ಗದಗಿನಿಂದ ಗಜೇಂದ್ರಗಡದ ಕಡೆ ಜನವರಿಯಲ್ಲಿ ಒಮ್ಮೆ ಬಸ್ಸಿನ ಕಿಟಕಿ ಪಕ್ಕ ಕೂತು ಬನ್ನಿ. ಕೋಟುಮಚಗಿ ಬರಲಿ, ಅಬ್ಬಿಗೇರಿ ಬರಲಿ, ಎರಡೂ ಬದಿಗೆ ಕರಿ ಮಣ್ಣು ಕಾಣದಷ್ಟು ಹಿಂಗಾರಿ ಪೀಕು ನಿಂತಿರುತ್ತದೆ. ಮುಂಗಾರಿಯಲ್ಲಿ ಹೆಸರು ಕಿತ್ತ ಹೊಲದಲ್ಲೇ ಈಗ ಬಿಳಿಜೋಳ, ಕಡಲೆ, ಕುಸುಬೆ, ಗೋದಿ. ಮಳೆಗಾಲದಲ್ಲಿ ನೀರು ಕುಡಿದು ಹಿಡಿದಿಟ್ಟುಕೊಂಡ ಎರೆಮಣ್ಣಿನ ತೇವದಲ್ಲಿ, ಬೆಳಗಿನ ಇಬ್ಬನಿಯಲ್ಲಿ ಈ ಬೆಳೆ ಬರುತ್ತದೆ. ಬಿತ್ತಿದ ಮೇಲೆ ಒಂದು ಹನಿ ಮಳೆ ಆಗದಿದ್ದರೂ ತೆನೆ ಕಟ್ಟುವ ಜೋಳ ಇದು. ಕಡಲೆ ಗಿಡದಲ್ಲಿ ಕಣ್ಣಿಗೆ ಬಿದ್ದೂ ಬೀಳದ ಹಾಗೆ ನೇರಳೆ ಬಣ್ಣದ ಹೂವು. ಬೆಳಗಿನ ಜಾವ ಆ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಇಬ್ಬನಿಯ ಜೊತೆಗೆ ಇಳಿದ ಹುಳಿಯನ್ನು ಹಿಂಡಿ ಇಟ್ಟುಕೊಳ್ಳುವವರಿದ್ದರು. ಹೊಟ್ಟೆನೋವಿಗೆ ಅದು ಮನೆಮದ್ದು. ಹೊಲದ ಅಂಚಿಗೆ ಕುಸುಬೆಯ ಸಾಲು, ಮುಳ್ಳಿನ ನಡುವೆ ಹಳದಿ ಹೂವು, ದನ ಒಳಗೆ ಬಾರದಂತೆ ಕಾವಲು. ಇದೇ ತಿಂಗಳಲ್ಲಿ ಎಳೆ ಜೋಳದ ಸೀತನಿ, ಇದೇ ತಿಂಗಳಲ್ಲಿ ಹಸಿ ಕಡಲೆಯ ಸುಲಗಾಯಿ, ಇದೇ ತಿಂಗಳಲ್ಲಿ ಎಳ್ಳ ಅಮವಾಸ್ಯೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂದವರಿಗೆಲ್ಲ ಉಣಬಡಿಸುವ ಹಬ್ಬ. ನಮ್ಮ ಚಳಿಗಾಲ ತುಂಬಿದ ಮಡಿಲಿನ ಕಾಲ. ಲಗ್ನಪತ್ರಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಎಲ್ಲಿ ಹುಡುಕಬೇಕು?

ಹಿಮದ ಕಾರ್ಡಿನ ದೇಶದಲ್ಲೂ ಮೊದಲು ಹೀಗೇ ಇತ್ತು ಎಂಬುದು ನನಗೆ ಹಿಡಿಸಿದ ಸಂಗತಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಬರೆಸಿ ಮಾರಾಟಕ್ಕಿಟ್ಟ ಕ್ರಿಸ್ಮಸ್ ಕಾರ್ಡಿನಲ್ಲಿ ಹಿಮದ ಗುಡ್ಡವಿರಲಿಲ್ಲ. ನಡುವೆ ಮೂರು ತಲೆಮಾರಿನ ಕುಟುಂಬ ಊಟದ ಮೇಜಿಗೆ ಕೂತಿದೆ. ಅಕ್ಕಪಕ್ಕದ ಚೌಕದಲ್ಲಿ ಬಡವರಿಗೆ ಅನ್ನ ಕೊಡುವವರು, ಬಟ್ಟೆ ಹೊದಿಸುವವರು. ಚಳಿಗಾಲದ ಕಾಗದದ ಮೇಲೆ ಮೊದಲು ಬಿದ್ದದ್ದು ಉಣ್ಣುವ, ಉಣಿಸುವ ಚಿತ್ರ. ಪಕ್ಕದ ಹಾಲಕೆರೆ ಅನ್ನದಾನೇಶ್ವರ ಮಠದ ನೆರಳಲ್ಲಿ ಬೆಳೆದ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಪತ್ರದ ಮೇಲೆ ಬರಬೇಕಾದದ್ದು ಜೋಳದ ತೆನೆ ಎಂದು ಗೊತ್ತಾಯಿತು. ತೆನೆಯನ್ನು ಬರೆಯುವುದು ಹೇಗೆ? ನಮ್ಮಲ್ಲಿ ಯಾರಿಗೂ ಕುಂಚ ಹಿಡಿದು ರೂಢಿಯಿಲ್ಲ. ಉತ್ತರ ಅವ್ವನ ಟ್ರಂಕಿನಲ್ಲೇ ಇತ್ತು. ಇಳಕಲ್ ಸೀರೆಯ ಕೆಂಪು ಸೆರಗನ್ನು ಬಿಚ್ಚಿ ನೋಡಿ: ಬಿಳಿ ನೂಲಿನಲ್ಲಿ ಹಣಿಗೆ, ಕೋಟೆ ಗೋಡೆ, ಬೆಟ್ಟದ ಸಾಲು, ಜೊತೆಗೆ ಜೋಳದ ತೆನೆ. ಟೋಪ ತೆನಿ ಸೆರಗು ಎನ್ನುವುದು ಇದನ್ನೇ. ಗಜೇಂದ್ರಗಡದ ಮಗ್ಗಗಳಲ್ಲೂ ಇದೇ ಸೀರೆ ನೇಯುತ್ತ ಬಂದಿದ್ದಾರೆ. ಹಿಂಗಾರಿಯ ಹೊಲವನ್ನು ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ತಲೆಮೇಲೆ ಹೊದ್ದುಕೊಂಡೇ ತಿರುಗಿದ್ದಾರೆ. ಆ ತೆನೆಯನ್ನು ಸೆರಗಿನಿಂದ ಕಾಗದಕ್ಕೆ ಇಳಿಸಲು ಬೇಕಾದ ಸೂಜಿ ಆಯಿಯ ಬಳಿ ಇತ್ತು.

ಆಯಿಗೆ ಕಸೂತಿ ಬರುತ್ತದೆ. ಕಸೂತಿಯಲ್ಲಿ ಚಿತ್ರವನ್ನು ಮೊದಲು ಪೆನ್ಸಿಲಿನಿಂದ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೋಗುವುದು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಕಾಗದಕ್ಕೆ ಒಪ್ಪಿದ್ದು ಗವಂತಿ ಒಂದೇ. ಗವಂತಿಯಲ್ಲಿ ಸೂಜಿ ಒಮ್ಮೆ ಒಂದು ಬಿಟ್ಟು ಒಂದು ಮನೆ ತುಂಬುತ್ತ ಮುಂದೆ ಹೋಗುತ್ತದೆ, ಹಿಂದೆ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಗಂಟು ಹಾಕುವುದಿಲ್ಲ. ಹೀಗಾಗಿ ಮೇಲಿನ ಮುಖ ಹೇಗೋ ಒಳಮುಖವೂ ಹಾಗೆಯೇ. ಮಡಿಚುವ ಪತ್ರಕ್ಕೆ ಇದರಿಂದ ದೊಡ್ಡ ಅನುಕೂಲ: ತೆರೆದಾಗ ಒಳಗೆ ನೂಲಿನ ಗೋಜಲು ಕಾಣದು, ಇನ್ನೊಂದು ತೆನೆಯೇ ಕಾಣುತ್ತದೆ. ಬಟ್ಟೆಯಲ್ಲಿ ಎಳೆ ಇದೆ, ಕಾಗದದಲ್ಲಿ ಎಲ್ಲಿಂದ ತರುವುದು? ತಮ್ಮನ ಗಣಿತದ ಚೌಕುಳಿ ನೋಟ್‌ಬುಕ್ಕಿನ ಹಾಳೆಯನ್ನು ಮೇಲಿಟ್ಟು, ಚೌಕದ ಮೂಲೆ ಮೂಲೆಗೆ ಸೂಜಿಯಿಂದ ಚುಚ್ಚಿ ತೂತು ಮಾಡಿಕೊಂಡೆವು. ತೂತುಗಳು ತೀರ ಹತ್ತಿರವಾದರೆ ಕಾಗದ ಸಾಲಾಗಿ ಹರಿಯುತ್ತದೆ. ಅದಕ್ಕೆ ಒಂದು ಚೌಕ ಬಿಟ್ಟು ಚುಚ್ಚಬೇಕು. ನೂಲನ್ನು ಜಗ್ಗಬಾರದು, ಮಲಗಿಸಬೇಕು. ಆಯಿಯ ಕಣ್ಣು ಮಂದವಾಗಿದೆ, ಬೆರಳು ಮಂದವಾಗಿಲ್ಲ. ತೂತನ್ನು ನಾವು ಚುಚ್ಚಿ ಕೊಟ್ಟರೆ ಉಗುರಿನಿಂದ ಮುಟ್ಟಿಕೊಂಡೇ ಸೂಜಿ ದಾಟಿಸುತ್ತಿದ್ದಳು.

ತಂಗಿಗೆ ಹಿಮದ ಆಸೆ ಇನ್ನೂ ಪೂರ್ತಿ ಹೋಗಿರಲಿಲ್ಲ. "ಆಯಿ, ಒಂದೇ ಒಂದು ಹಿಮದ ಹೂವು ಹಾಕಿಕೊಡು" ಎಂದು ಫೋನು ತೋರಿಸಿದಳು. ಹಿಮದ ಹರಳಿಗೆ ಸಾಮಾನ್ಯವಾಗಿ ಆರು ಕೈ. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯಾಗಿ ಜೋಡಿಕೊಳ್ಳುತ್ತವಾದ್ದರಿಂದ ಹಾಗೆ. ಅಮೆರಿಕದ ವರ್ಮಾಂಟಿನ ವಿಲ್ಸನ್ ಬೆಂಟ್ಲಿ ಎಂಬ ರೈತ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂಡಿಸಿ ಅದರ ಚಿತ್ರ ತೆಗೆದ, ಮುಂದೆ ಬದುಕಿಡೀ ಅಂಥ ಸಾವಿರಾರು ಚಿತ್ರ ತೆಗೆಯುತ್ತ ಹೋದ. ಆದರೆ ಕಸೂತಿಯ ಸೂಜಿಗೆ ಗೊತ್ತಿರುವುದು ಅಡ್ಡ, ಉದ್ದ, ಓರೆ ಅಷ್ಟೇ. ಚೌಕದ ಲೆಕ್ಕದಲ್ಲಿ ಆರು ಕೈ ಸರಿಯಾಗಿ ಬರುವುದಿಲ್ಲ, ಎಂಟಾಗುತ್ತವೆ. ಆಯಿ ಎಣಿಸಿ ಎಣಿಸಿ ಹಾಕಿದಳು. ಮುಗಿದಾಗ ನೋಡಿದರೆ ಅದು ಅಚ್ಚುಕಟ್ಟಾದ ಎಂಟು ಮೂಲೆಯ ಚಿಕ್ಕಿ. ಥಂಡಿಯ ಇರುಳಲ್ಲಿ ಮಾಳಿಗೆ ಮೇಲೆ ನಿಂತರೆ ತಲೆಯ ಮೇಲೆ ಕಾಣುವಂಥದೇ. ತಂಗಿ ಆ ಕಾಗದವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ ಹಿಮದ ಮಾತು ಎತ್ತಲಿಲ್ಲ. ತೆನೆಯ ಮೇಲೆ ಒಂದು ಚಿಕ್ಕಿ, ಬಲಗಡೆ ತುಳಸಿಕಟ್ಟೆ. ಕಸೂತಿಯಲ್ಲಿ ತುಳಸಿಕಟ್ಟೆ ಬಹಳ ಹಳೆಯ ನಮೂನೆ. ನಮ್ಮ ಲಗ್ನದ ಹಂಗಾಮಿಗೆ ಬಾಗಿಲು ತೆರೆಯುವವಳೂ ತುಳಸಿಯೇ. ತಮ್ಮನಿಗೆ ಮಾತ್ರ ಹೊಲದ ನಡುವಿನ, ವಿದ್ಯುತ್ ಮಾಡುವ ಗಾಳಿ ಫ್ಯಾನು ಬೇಕೇ ಬೇಕಿತ್ತು. ಗಜೇಂದ್ರಗಡದ ಸುತ್ತ ಎತ್ತ ನೋಡಿದರೂ ಅವೇ ತಿರುಗುತ್ತಿರುವಾಗ ಬೇಡ ಎನ್ನುವುದು ಹೇಗೆ? ಅವನ ಗೆಳೆಯರಿಗೆ ಕೊಡುವ ಪತ್ರಗಳಲ್ಲಿ ತೆನೆಯ ಹಿಂದೆ ಮೂರು ರೆಕ್ಕೆಯ ಫ್ಯಾನು ಬಂತು. ನನಗೆ ಅದು ಒಪ್ಪಿಗೆಯಾಯಿತು, ಏಕೆಂದರೆ ಈಗಿನ ಹಿಂಗಾರಿ ಹೊಲ ಹಾಗೆಯೇ ಇದೆ.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಮಾತು ಬೆಳೆಯಿತು. ಎರೆಮಣ್ಣಿನ ಕಪ್ಪು ಕಾಗದದ ಮೇಲೆ ಬಿಳಿ ನೂಲಿನ ತೆನೆ ಹಾಕಿದರೆ ಎದ್ದು ಕಾಣುತ್ತದೆ ಎಂಬುದು ನನ್ನ ವಾದ. ಕಸೂತಿಗೆ ಹೇಳಿಮಾಡಿಸಿದ ಚಂದ್ರಕಾಳಿ ಸೀರೆ ಕಪ್ಪೇ ಅಲ್ಲವೇ? ಹಿಂದಿನವರ ಕಡತಗಳೂ ಕಪ್ಪೇ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಶೃಂಗೇರಿ ಮಠದ ಅಂಥ ಕಡತಗಳು ಇಂದಿಗೂ ಉಳಿದಿವೆ. ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡು, "ಲೆಕ್ಕ ಬರಿಯಾಕ ಕರೀದು ಇರಲಿ, ಲಗ್ನಕ್ಕ ಬ್ಯಾಡ" ಎಂದಳು. ಹಿರಿಯರು ಮನಸಾರೆ ಹರಸಬೇಕಾದ ಕಾಗದ ಅದು. ಅವರ ಮನಸ್ಸಿಗೆ ಕಸಿವಿಸಿ ಆಗುವ ಬಣ್ಣ ಇಟ್ಟು ಗೆಲ್ಲುವುದರಲ್ಲಿ ಏನಿದೆ? ಕೊನೆಗೆ ಕಾಗದ ಹಾಲುಬಿಳಿ, ತೆನೆಗೆ ಸೆರಗಿನ ಕೆಂಪು ನೂಲು, ಬುಡದಲ್ಲಿ ಮಾತ್ರ ತೆಳುವಾಗಿ ಒಂದು ಕಪ್ಪು ಪಟ್ಟಿ. ದೊಡ್ಡವ್ವ ಅದಕ್ಕೆ ಒಪ್ಪಿದಳು: "ನೆಲ ಕೆಳಗ ಇದ್ರ ಛಲೋ."

ಇನ್ನು ಕಾಗದ. ಒಳ್ಳೆಯ ಕೈಕಾಗದವನ್ನು ಹತ್ತಿಬಟ್ಟೆಯ ಚೂರುಗಳಿಂದ ಮಾಡುತ್ತಾರೆ. ಹತ್ತಿಯ ನಾಡಿನವರಾದ ನಮಗೆ ಅದರ ಮೇಲೆ ಆಸೆಯಿತ್ತು, ಆದರೆ ಬಟ್ಟೆಯನ್ನು ನಾರು ನಾರಾಗಿ ಅರೆಯಲು ಯಂತ್ರ ಬೇಕು. ಮನೆಯಲ್ಲಿ ಆಗುವಂಥದು ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಿಂದ. ಹರಿದು ಇಡೀ ರಾತ್ರಿ ನೆನೆಹಾಕಿ, ಮಿಕ್ಸರಿಗೆ ಹಾಕಿ ತಿರುವಿ, ಅಗಲವಾದ ಬುಟ್ಟಿಯಲ್ಲಿ ನೀರಿನ ಜೊತೆ ಕಲಕಿ, ಚೌಕಟ್ಟಿಗೆ ಬಡಿದ ಜಾಲರಿಯನ್ನು ಅದರಲ್ಲಿ ಮುಳುಗಿಸಿ ಮಟ್ಟಸವಾಗಿ ಮೇಲೆತ್ತಬೇಕು. ನೀರು ಸೋರಿ ಹೋಗಿ ಜಾಲರಿ ಮೇಲೆ ಒಂದು ಪದರ ಕೂರುತ್ತದೆ. ಅದನ್ನು ಹಳೆಯ ಧೋತರದ ಮೇಲೆ ಮಗುಚಿ, ಇನ್ನೊಂದು ತುಂಡು ಹೊದಿಸಿ, ಮೇಲೆ ರೊಟ್ಟಿ ಬಡಿಯುವ ಕಲ್ಲು ಹೇರಬೇಕು. ಧನುರ್ಮಾಸದ ಬೆಳಿಗ್ಗೆ ಆ ನೀರಿಗೆ ಕೈ ಇಟ್ಟರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಮಾಳಿಗೆಯ ಬಿಸಿಲಿಗೆ ಒಣಹಾಕಿದರೆ ಅಂಚು ಸುರುಳುತ್ತದೆ. ನೆರಳಲ್ಲಿ, ಭಾರದ ಕೆಳಗೆ ನಿಧಾನವಾಗಿ ಒಣಗಿದ್ದೇ ನೆಟ್ಟಗೆ ಬರುತ್ತದೆ.

ತಿರುಳಿನ ನೀರಿಗೆ ಒಂದು ಹಿಡಿ ಕುಸುಬೆ ಹೂವಿನ ಎಸಳು ಉದುರಿಸಿ ನೋಡಿದೆವು. ಕುಸುಬೆಯಲ್ಲಿ ಎರಡು ಬಣ್ಣ ಇವೆ: ಹಳದಿ ಬರೀ ನೀರಿಗೇ ಬಿಡುತ್ತದೆ, ಕೆಂಪು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಿಂದೆ ಬಣ್ಣಗಾರರು ಹಳದಿಯನ್ನೆಲ್ಲ ತೊಳೆದು ತೆಗೆದು, ಬೂದಿನೀರಿನಲ್ಲಿ ಕೆಂಪನ್ನು ಬಿಡಿಸಿ, ನಿಂಬೆಹುಳಿ ಹಿಂಡಿ ಬಟ್ಟೆಗೆ ಹಿಡಿಸುತ್ತಿದ್ದರು. ನಮ್ಮ ಹಸಿ ಕಾಗದದಲ್ಲಿ ಆದದ್ದು ಇಷ್ಟು: ಒಂದೊಂದು ಎಸಳಿನ ಸುತ್ತ ಅರಿಷಿಣದ ಬೆರಳು ಒತ್ತಿದಂತೆ ಸಣ್ಣ ಹಳದಿ ವೃತ್ತ ಮೂಡಿತು, ನಡುವೆ ಎಸಳು ಕೆಂಪಗೆ ಉಳಿಯಿತು. ಲಗ್ನಪತ್ರದ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿ ಕೊಡುವ ರೂಢಿ ನಮ್ಮದು. ಈ ಕಾಗದಕ್ಕೆ ಹೊಲವೇ ಹಚ್ಚಿ ಕೊಟ್ಟಿತು.

ಹೀಗೆ ಮಾಡಿದ ಕಾಗದದ ಮೇಲೆ ಹಾಗೇ ಬರೆದರೆ ಮಸಿ ಹರಡಿ ಅಕ್ಷರ ಉಬ್ಬುತ್ತದೆ. ಅನ್ನದ ಗಂಜಿಯನ್ನು ತೆಳ್ಳಗೆ ಸೋಸಿ ಎರಡೂ ಬದಿಗೆ ಬಳಿದು, ಒಣಗಿದ ಮೇಲೆ ಗಾಜಿನ ಲೋಟದಿಂದ ಉಜ್ಜಬೇಕು. ಆಗ ಪೆನ್ನು ನುಣ್ಣಗೆ ಓಡುತ್ತದೆ. ಅಂಟಿಗೆ ಅಂಗಡಿಯ ಗೋಂದು ತರಬಹುದಿತ್ತು, ಆಯಿ ಬಿಡಲಿಲ್ಲ, ಹುಣಸೆಬೀಜದ ಅಂಟೇ ಆಗಬೇಕೆಂದಳು. ಕಂಬಳಿ ನೇಯುವವರು ಉಣ್ಣೆಯ ಹಾಸುನೂಲಿಗೆ ಹುಣಸೆಬೀಜದ ಸರಿ ಹಾಕುತ್ತಾರೆ. ಕಿನ್ನಾಳದ ಗೊಂಬೆಯವರ ಕೈಯಲ್ಲೂ ಇದೇ ಅಂಟು. ಬೀಜವನ್ನು ಹುರಿದು, ಕುಟ್ಟಿ, ಕಂದು ಸಿಪ್ಪೆ ಹಾರಿಸಿ, ಒಳಗಿನ ಬಿಳಿ ಬೇಳೆಯನ್ನು ನೆನೆಹಾಕಿ, ಒಳಕಲ್ಲಿನಲ್ಲಿ ರುಬ್ಬಿ, ಕೈಬಿಡದೆ ತಿರುವುತ್ತ ಕುದಿಸಿದರೆ ಹೊಳೆಯುವ ಅಂಟು ಬರುತ್ತದೆ. ಹುಳ ಹಿಡಿಯದಿರಲೆಂದು ರಟ್ಟು ಕಟ್ಟುವವರು ಅಂಟಿಗೆ ಚೂರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಅಡುಗೆ ಪಾತ್ರೆಗೆ ತಾಗಬಾರದು, ಮಕ್ಕಳ ಕೈಗೆ ಸಿಗಬಾರದು. ಈ ಅಂಟಿನಿಂದ ಒಳಹಾಳೆಯನ್ನು ಹೊರಕಾಗದಕ್ಕೆ ಕೂಡಿಸಿದೆವು.

ಒಳಹಾಳೆಯ ಒಕ್ಕಣೆಯಲ್ಲಿ ನಾವು ಕೈ ಆಡಿಸಲಿಲ್ಲ. ಮೇಲೆ ದೇವರ ಹೆಸರು, ಶಾಲಿವಾಹನ ಶಕೆ, ಸಂವತ್ಸರ, ಮಾಸ, ತಿಥಿ, ಚಿ. ಮತ್ತು ಚಿ.ಕುಂ.ಸೌ., ಅಕ್ಷತಾರೋಪಣದ ಸಮಯ, ಸುಖಾಗಮನ ಬಯಸುವವರ ಪಟ್ಟಿ. ಬದಲಿಸಿದ್ದು ಒಂದನ್ನೇ: ಆ ಪಟ್ಟಿಯ ಮೊದಲ ಸಾಲಿನಲ್ಲಿ ಆಯಿಯ ಹೆಸರು. ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಯ ಯಾವ ಲಗ್ನಪತ್ರದಲ್ಲೂ ಅವಳ ಹೆಸರು ಬಂದಿರಲಿಲ್ಲ. ಪತ್ರವನ್ನು ಹೊಲಿದ ಕೈ ಅವಳದು. ಮನೆಗೆ ಹಿರಿಯಳೂ ಅವಳೇ. ಕಾಕಾನೇ ಆ ಸಾಲು ಬರೆದ, ಯಾರೂ ಎದುರಾಡಲಿಲ್ಲ. ಇಂಥ ಬದಲಾವಣೆ ಎಲ್ಲರ ಮನೆಯಲ್ಲೂ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಡೀ ಬಳಗಕ್ಕೆ ಕೈಯಿಂದ ಪತ್ರ ಮಾಡುವುದು ಆಗದ ಮಾತು. ನಮ್ಮ ಕಡೆ ಲಗ್ನ ಎಂದರೆ ಊರಿಗೆ ಊರೇ ಉಂಡುಹೋಗಬೇಕು. ಉಳಿದ ಪತ್ರಗಳು ಗದಗಿನಲ್ಲಿ ಅಚ್ಚಾದವು. ಗದಗನ್ನು ಮುದ್ರಣಕಾಶಿ ಎಂದು ಕರೆಯುವುದು ಸುಮ್ಮನಲ್ಲ. ಪಠ್ಯಪುಸ್ತಕ, ನಿಘಂಟು, ಪಂಚಾಂಗ, ಕ್ಯಾಲೆಂಡರು ಎಲ್ಲ ಅಲ್ಲಿನ ಮುದ್ರಣಾಲಯಗಳಿಂದ ನಾಡಿಗೆ ಹೋಗಿವೆ. ಈಗ ಹೂಬಳ್ಳಿಯ ತಯಾರು ಕಾರ್ಡುಗಳು ಶಿವಕಾಶಿ ಕಡೆಯಿಂದ ಬರುತ್ತವೆ, ಒಳಗಿನ ಒಕ್ಕಣೆ ಮಾತ್ರ ಇಲ್ಲಿ ಕೂರುತ್ತದೆ. ನಾವು ತಯಾರು ಕಾರ್ಡು ತೆಗೆದುಕೊಳ್ಳದೆ, ಆಯಿ ಹಾಕಿದ ತೆನೆಯ ಫೋಟೊ ಕೊಟ್ಟು ಅದನ್ನೇ ಮೇಲೆ ಅಚ್ಚು ಹಾಕಿಸಿದೆವು. ಮುದ್ರಣಾಲಯದವರು ಗವಂತಿಯ ಒಂದೊಂದು ಹೊಲಿಗೆಯೂ ಕಾಣುವಂತೆ ಚೊಕ್ಕವಾಗಿ ಮಾಡಿಕೊಟ್ಟರು.

ಮೊದಲ ಪತ್ರ ಬನಶಂಕರಿಗೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಅವಳ ಜಾತ್ರೆ. ಅವಳು ಶಾಕಾಂಬರಿ, ತೇರಿನ ಮುಂಚಿನ ದಿನ ಪಲ್ಯದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಯ ಅವಳಿಗೆ ಎಡೆ. ಬರಗಾಲದಲ್ಲಿ ಲೋಕಕ್ಕೆ ಸೊಪ್ಪುಕಾಯಿ ಕೊಟ್ಟು ಬದುಕಿಸಿದವಳ ಪಾದದ ಬಳಿ ತೆನೆಯ ಪತ್ರ ಇಟ್ಟಾಗ, ಆಯಿ ಬೋಳು ಗಿಡವನ್ನು ಏಕೆ ಬೇಡ ಎಂದಳೆಂಬುದು ತಂಗಿಗೆ ಪೂರ್ತಿ ತಿಳಿಯಿತು ಎಂದು ನನಗೆ ಅನಿಸಿತು.

ಆಮೇಲೆ ಮನೆ ಮನೆಗೆ ಕರೆಯಲು ಹೋಗುವುದು. ನಮ್ಮಲ್ಲಿ ಪತ್ರ ಎಷ್ಟು ಚೆಂದವಿದ್ದರೂ ಅಂಚೆಯಲ್ಲಿ ಹೋದರೆ ಕರೆದಂತಾಗುವುದಿಲ್ಲ. ಹೊಸ್ತಿಲಲ್ಲಿ ನಿಂತು, ಕುಂಕುಮ ಹಚ್ಚಿ, ಪತ್ರ ಕೈಗೆ ಕೊಟ್ಟು, "ಎಲ್ಲಾರೂ ಬರಬೇಕ್ರಿ, ಮನಿಗೆ ಕೀಲಿ ಹಾಕ್ಕೊಂಡ ಬರಬೇಕ್ರಿ" ಎನ್ನಬೇಕು. ಜಕ್ಕಲಿಯ ಅತ್ತೆ ಪತ್ರ ತೆಗೆದುಕೊಂಡವರು ಓದಲಿಲ್ಲ, ಮೊದಲು ತಿರುವಿ ಹಿಂಬದಿ ನೋಡಿದರು. ಕಸೂತಿ ಬಲ್ಲವರು ನೋಡುವುದೇ ಹಾಗೆ. ಹಿಂದೆಯೂ ಮುಂದಿನಷ್ಟೇ ಚೊಕ್ಕ ಇದ್ದದ್ದು ಕಂಡು, "ಇದನ್ನ ಹಾಕಿದಾಕಿ ನಿಮ್ಮ ಆಯಿನ ಇರಬೇಕು, ಬ್ಯಾರೆ ಯಾರ ಕೈನೂ ಅಲ್ಲ" ಎಂದರು. ಪತ್ರದಲ್ಲಿ ಎಲ್ಲೂ ಬರೆದಿರದ ಈ ಮಾತನ್ನು ಅವರು ಹೊಲಿಗೆಯಲ್ಲೇ ಓದಿದ್ದರು. ಅವರ ಹೆಸರನ್ನು ಪತ್ರದ ಮೇಲೆ ಬರೆಯುವಾಗ ನಾವೂ ಅವರ ಮನೆಯಲ್ಲಿ ತಿಂದ ಹುರಕ್ಕಿ ಹೋಳಿಗೆ, ಅವರ ಹೊಲದ ಸೀತನಿ, ಅವ್ವನ ಬಾಣಂತನಕ್ಕೆ ಅವರು ಬಂದು ನಿಂತದ್ದನ್ನೆಲ್ಲ ನೆನೆದಿದ್ದೆವು. ಅಚ್ಚಿನ ಪತ್ರದ ಕಟ್ಟನ್ನು ಹಂಚುವಾಗ ಹೀಗೆ ನೆನೆಯಲು ಪುರುಸೊತ್ತು ಸಿಗುವುದಿಲ್ಲ.

ನಿಮ್ಮ ಮನೆಯಲ್ಲೂ ಮಾಘದಲ್ಲಿ ಲಗ್ನವಿದ್ದರೆ ಈ ಕೆಲಸವನ್ನು ಎಳ್ಳ ಅಮವಾಸ್ಯೆಗೆ ಮೊದಲೇ ಶುರು ಮಾಡಿ. ಹುಣಸೆಬೀಜ ಬಿಸಾಡದೆ ಎತ್ತಿಡಿ. ಚರಗಕ್ಕೆ ಹೋದಾಗ ಹೊಲದ ಒಡೆಯರನ್ನು ಕೇಳಿ ಒಂದು ಹಿಡಿ ಕುಸುಬೆ ಎಸಳು ತನ್ನಿ. ಎಲ್ಲಕ್ಕೂ ಮೊದಲು, ಗವಂತಿ ಹಾಕಬಲ್ಲ ಹಿರಿಯರು ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಅವರ ಕೈ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕೂತು ಕಲಿತುಕೊಳ್ಳಿ.